ಫುಟ್‌ಬಾಲ್ ಕಾರ್ಡ್ ಸೆಟ್ ಪೂರ್ತಿ ಮಾಡಬೇಕಾ? ಇನ್ನೊಂದು ಪ್ಯಾಕ್ ಕೊಳ್ಳುವ ಮುಂಚೆ ಇದನ್ನು ಓದಿ

"ಮಗ ಫುಟ್‌ಬಾಲ್ ಕಾರ್ಡ್ ಬೇಕು ಅಂತ ಹಟ ಹಿಡಿದಿದ್ದಾನೆ. ಎಷ್ಟು ಪ್ಯಾಕ್ ತಂದರೂ ಸೆಟ್ ಮುಗಿಯೋದೇ ಇಲ್ಲ. ಏನು ಮಾಡೋದು?" ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಅಪ್ಪ ಅಮ್ಮಂದಿರು ಮಾತ್ರ ಅಲ್ಲ, ಕಾಲೇಜು ಹುಡುಗರು, ಕೆಲಸಕ್ಕೆ ಸೇರಿದವರೂ ಇದ್ದಾರೆ. ಮಳೆಗಾಲ ಬಂತೆಂದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ: "ಹೊಳೆಯುವ ಕಾರ್ಡ್‌ಗಳೆಲ್ಲ ಬಾಗಿಬಿಟ್ಟಿವೆ. ಸರಿ ಮಾಡಬಹುದಾ?"

ಎರಡಕ್ಕೂ ಉತ್ತರ ಇದೆ. ಸೆಟ್ ಅಂದರೆ ಆಟಗಾರರ ಚಿತ್ರ ಇರುವ, ನಂಬರ್ ಹಾಕಿದ ಕಾರ್ಡ್‌ಗಳ ಒಂದು ಪೂರ್ತಿ ಸರಣಿ. ಪ್ಯಾಕಿನೊಳಗೆ ಯಾವ ಕಾರ್ಡ್ ಇದೆ ಅಂತ ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಪ್ಯಾಕ್ ಕೊಳ್ಳುವುದು ಸೆಟ್ ಶುರು ಮಾಡುವುದಕ್ಕೆ. ಮುಗಿಸುವುದಕ್ಕೆ ಬೇಕಾಗಿರುವುದು ಪಟ್ಟಿ, ಗೆಳೆಯರು ಮತ್ತು ತಾಳ್ಮೆ. ಮುಗಿದ ಸೆಟ್ಟನ್ನು ನಮ್ಮ ಮಲೆನಾಡಿನ ಥಂಡಿಯಿಂದ ಉಳಿಸಿಕೊಳ್ಳುವುದು ಬೇರೆಯದೇ ಕೆಲಸ. ಅದಕ್ಕೆ ಈ ಲೇಖನದಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳುತ್ತಿರುವುದು ಲಕ್ಷಾಂತರ ಸಂಖ್ಯೆಯಲ್ಲಿ ಅಚ್ಚಾಗಿ ಅಂಗಡಿಗಳಲ್ಲಿ ಸಣ್ಣ ಪ್ಯಾಕ್‌ಗಳಲ್ಲಿ ಸಿಗುವ ಕಾರ್ಡ್‌ಗಳ ಬಗ್ಗೆ. ಟಾಪ್ಸ್ ಕಂಪನಿಯ ಮ್ಯಾಚ್ ಅಟ್ಯಾಕ್ಸ್, ಪಾನಿನಿ ಕಂಪನಿಯ ಅಡ್ರೆನಲಿನ್ ಎಕ್ಸ್‌ಎಲ್ ಇಂಥವು. ಸಾವಿರಾರು ರೂಪಾಯಿಯ ಡಬ್ಬ ಕೊಂಡು, ಆಟಗಾರರ ಸಹಿ ಇರುವ ಕಾರ್ಡ್ ಹುಡುಕುವ ಹವ್ಯಾಸ ಬೇರೆ. ಅದರ ವಿಷಯ ಇಲ್ಲಿಲ್ಲ.

ಮೊದಲು ಬೇಕಾಗುವ ಸಾಮಾನು

ಒಂದು ನೋಟ್‌ಬುಕ್ ಅಥವಾ ಮೊಬೈಲಿನಲ್ಲಿ ಒಂದು ಪಟ್ಟಿ. ಒಂಬತ್ತು ಕಿಸೆಗಳಿರುವ ಪ್ಲಾಸ್ಟಿಕ್ ಹಾಳೆಗಳು, ಅವನ್ನು ಹಾಕಿಡುವ ಬೈಂಡರ್. ಕಾರ್ಡ್ ತೂರಿಸುವ ತೆಳುವಾದ ಪ್ಲಾಸ್ಟಿಕ್ ಚೀಲ, ಅಂದರೆ ಸ್ಲೀವ್. ಗಾಳಿಯಾಡದಂತೆ ಮುಚ್ಚುವ ಒಂದು ಪ್ಲಾಸ್ಟಿಕ್ ಡಬ್ಬ, ಒಳಗಿಡಲು ಸಿಲಿಕಾ ಜೆಲ್. ಇಷ್ಟೇ. ಡಬ್ಬ ಮತ್ತು ಸಿಲಿಕಾ ಜೆಲ್ ಬೇಡ ಅಂತ ಬೆಂಗಳೂರಿನವರು ಹೇಳಬಹುದು. ನಮ್ಮಲ್ಲಿ ಅವು ಇಲ್ಲದೆ ಆಗುವುದಿಲ್ಲ.

ಹಂತ 1: ಯಾವ ಸೆಟ್, ಯಾವ ವರ್ಷ ಅಂತ ಗಟ್ಟಿ ಮಾಡಿಕೊಳ್ಳಿ

ಹೊಸಬರು ಎಡವುವುದು ಇಲ್ಲೇ. ಅಂಗಡಿಯಲ್ಲಿ ಫುಟ್‌ಬಾಲ್ ಅಂತ ಕಂಡದ್ದನ್ನೆಲ್ಲ ಕೊಳ್ಳುತ್ತಾರೆ. ಆರು ತಿಂಗಳ ನಂತರ ನಾಲ್ಕು ಸೆಟ್‌ಗಳ ಚೂರುಪಾರು ಇರುತ್ತದೆ, ಒಂದೂ ಪೂರ್ತಿ ಇರುವುದಿಲ್ಲ.

ಕಂಪನಿಗಳ ಹಿನ್ನೆಲೆ ಸ್ವಲ್ಪ ತಿಳಿದಿದ್ದರೆ ಗೊಂದಲ ಕಡಿಮೆ. ಟಾಪ್ಸ್ ಅಮೆರಿಕದ ಕಂಪನಿ. 1938ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾಗಿ, ಚ್ಯೂಯಿಂಗ್ ಗಮ್ ಮಾರುತ್ತಾ ಕಾರ್ಡ್ ವ್ಯಾಪಾರಕ್ಕೆ ಬಂದದ್ದು. 2022ರಿಂದ ಅದು ಫನಾಟಿಕ್ಸ್ ಎಂಬ ಕಂಪನಿಯ ಕೈಯಲ್ಲಿದೆ. ಪಾನಿನಿ ಇಟಲಿಯ ಮೊಡೆನಾ ಊರಿನದು, 1961ರಲ್ಲಿ ಹುಟ್ಟಿದ್ದು. 1970ರ ಮೆಕ್ಸಿಕೊ ವಿಶ್ವಕಪ್‌ನಿಂದ ಅದರ ವಿಶ್ವಕಪ್ ಸ್ಟಿಕರ್ ಆಲ್ಬಮ್‌ಗಳು ಬರುತ್ತಿವೆ.

ಯಾವ ಲೀಗಿನ ಹಕ್ಕು ಯಾರ ಹತ್ತಿರ ಇದೆ ಅನ್ನುವುದು ಬದಲಾಗುತ್ತಾ ಇರುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನೇ ನೋಡಿ. ಮ್ಯಾಚ್ ಅಟ್ಯಾಕ್ಸ್ 2007-08ರಲ್ಲಿ ಪ್ರೀಮಿಯರ್ ಲೀಗ್ ಕಾರ್ಡ್‌ಗಳಾಗಿಯೇ ಶುರುವಾಯಿತು. 2019-20ರಿಂದ ಆ ಹಕ್ಕು ಪಾನಿನಿಗೆ ಹೋಯಿತು, ಮ್ಯಾಚ್ ಅಟ್ಯಾಕ್ಸ್ ಹೆಸರು ಯುರೋಪಿನ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗಿನ ಕಡೆ ಉಳಿಯಿತು. 2025-26ರಿಂದ ಪ್ರೀಮಿಯರ್ ಲೀಗ್ ಮತ್ತೆ ಟಾಪ್ಸ್ ಕೈಗೆ ಬಂದಿದೆ. ಹಾಗಾಗಿ "ಮ್ಯಾಚ್ ಅಟ್ಯಾಕ್ಸ್ ಸೆಟ್ ಇದೆ" ಅಂತ ಯಾರಾದರೂ ಹೇಳಿದರೆ ಸಾಲದು. ಯಾವ ಲೀಗು, ಯಾವ ಸೀಸನ್ ಅಂತ ಕೇಳಿ. ಒಂದೇ ಹೆಸರಿನ ಕಾರ್ಡ್‌ಗಳು ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಆವೃತ್ತಿಯಲ್ಲಿ ಬರುವುದೂ ಉಂಟು. ಜರ್ಮನಿಯ ಬುಂಡೆಸ್‌ಲೀಗಾಗೆ ಪ್ರತ್ಯೇಕ ಮ್ಯಾಚ್ ಅಟ್ಯಾಕ್ಸ್ ಬಂದಿದೆ. ಅದರ 45ನೇ ನಂಬರ್ ನಿಮ್ಮ ಸೆಟ್ಟಿನ 45ನೇ ನಂಬರ್ ಅಲ್ಲ.

ಗುರುತಿಸಲು ಸುಲಭ ದಾರಿ: ಕಾರ್ಡ್ ತಿರುಗಿಸಿ, ಹಿಂಭಾಗದ ಕೆಳಗಿನ ಸಣ್ಣ ಅಕ್ಷರ ಓದಿ. ಕಂಪನಿಯ ಹೆಸರು ಮತ್ತು ವರ್ಷ ಅಲ್ಲೇ ಇರುತ್ತದೆ. ಕಾರ್ಡ್ ನಂಬರೂ ಸಾಮಾನ್ಯವಾಗಿ ಹಿಂದೆಯೇ.

ನನ್ನ ಸಲಹೆ ಕೇಳಿದರೆ, ಈಗ ನಡೆಯುತ್ತಿರುವ ಸೀಸನ್ನಿನ ಸೆಟ್ಟನ್ನೇ ಹಿಡಿಯಿರಿ. ಬೇರೆಯವರೂ ಅದನ್ನೇ ಕೂಡಿಸುತ್ತಿರುತ್ತಾರೆ, ಬದಲಾಯಿಸಿಕೊಳ್ಳಲು ಜನ ಸಿಗುತ್ತಾರೆ. ಹಳೆಯ ಸೀಸನ್ನಿನ ಪ್ಯಾಕ್ ಅರ್ಧ ಬೆಲೆಗೆ ಸಿಕ್ಕರೂ, ಜೊತೆಗೆ ಕೂಡಿಸುವವರು ಇಲ್ಲದಿದ್ದರೆ ಆ ಸೆಟ್ ಮುಗಿಯುವುದಿಲ್ಲ.

ಹಂತ 2: "ಪೂರ್ತಿ" ಅಂದರೆ ಎಷ್ಟು ಅಂತ ತೀರ್ಮಾನಿಸಿ

ಒಂದು ಸೆಟ್ಟಿನಲ್ಲಿ ಎಲ್ಲ ಕಾರ್ಡ್ ಒಂದೇ ಥರ ಇರುವುದಿಲ್ಲ. ಈ ಪದಗಳು ಗೊತ್ತಿದ್ದರೆ ಅನುಕೂಲ.

ಬೇಸ್ ಕಾರ್ಡ್ ಅಂದರೆ ಸಾಮಾನ್ಯ ಆಟಗಾರರ ಮಾಮೂಲಿ ಕಾರ್ಡ್. ಸೆಟ್ಟಿನ ಹೆಚ್ಚು ಪಾಲು ಇವೇ. ಇನ್ಸರ್ಟ್ ಅಂದರೆ ಬೇರೆ ವಿನ್ಯಾಸದ ವಿಶೇಷ ಕಾರ್ಡ್, ಕೆಲವು ಪ್ಯಾಕ್‌ಗಳಲ್ಲಿ ಮಾತ್ರ ಬರುತ್ತದೆ. ಬಹಳಷ್ಟು ಇನ್ಸರ್ಟ್‌ಗಳು ಫಾಯಿಲ್, ಅಂದರೆ ಮೇಲೆ ಹೊಳೆಯುವ ಪದರ ಇರುವಂಥವು. ಮಕ್ಕಳು "ಶೈನಿಂಗ್" ಅನ್ನುವುದು ಇದಕ್ಕೇ. ಪ್ಯಾರಲಲ್ ಅಂದರೆ ಅದೇ ಆಟಗಾರ, ಅದೇ ಚಿತ್ರ, ಬಣ್ಣ ಅಥವಾ ಅಂಚು ಮಾತ್ರ ಬೇರೆ. ಲಿಮಿಟೆಡ್ ಎಡಿಷನ್ ಕಾರ್ಡ್‌ಗಳನ್ನು ಹೆಚ್ಚಾಗಿ ಟಿನ್ ಡಬ್ಬ, ಮಲ್ಟಿಪ್ಯಾಕ್, ಸ್ಟಾರ್ಟರ್ ಪ್ಯಾಕ್ ಇಂಥವುಗಳ ಜೊತೆ ಕೊಡುತ್ತಾರೆ. ರೂಕಿ ಅಂದರೆ ಆ ಆಟಗಾರನ ಮೊದಲ ವರ್ಷದ ಕಾರ್ಡ್.

ಲಿಮಿಟೆಡ್ ಅನ್ನುವ ಹೆಸರು ನೋಡಿ ಮರುಳಾಗಬೇಡಿ. ಎಷ್ಟು ಅಚ್ಚಾಗಿದೆ ಅಂತ ಕಾರ್ಡಿನ ಮೇಲೆ ಸಂಖ್ಯೆ ಇಲ್ಲದಿದ್ದರೆ, ಆ ಮಿತಿ ಎಷ್ಟು ಅನ್ನುವುದು ಕಂಪನಿಗೆ ಮಾತ್ರ ಗೊತ್ತು.

ಈಗ ಗುರಿ ಬರೆದಿಟ್ಟುಕೊಳ್ಳಿ. ಮೊದಲ ಸಲ ಮಾಡುತ್ತಿದ್ದರೆ ಬೇಸ್ ಕಾರ್ಡ್‌ಗಳು ಮಾತ್ರ ಸಾಕು. ಇನ್ನೂ ಸಣ್ಣ ಗುರಿ ಬೇಕಾ? ನಿಮ್ಮ ಇಷ್ಟದ ಒಂದೇ ಕ್ಲಬ್ಬಿನ ಎಲ್ಲ ಕಾರ್ಡ್ ಕೂಡಿಸಿ. ಎಂಟು ಹತ್ತು ವರ್ಷದ ಮಕ್ಕಳಿಗೆ ಇದೇ ಒಳ್ಳೆಯದು. ಒಂದು ಪುಟ ತುಂಬಿದ ಖುಷಿ ಬೇಗ ಸಿಗುತ್ತದೆ. ಲಿಮಿಟೆಡ್ ಎಡಿಷನ್, ಪ್ಯಾರಲಲ್ ಎಲ್ಲ ಸೇರಿಸಿ ಪೂರ್ತಿ ಮಾಡುತ್ತೇನೆ ಅಂತ ಹೊರಟರೆ ಖರ್ಚಿಗೆ ಕೊನೆ ಇರುವುದಿಲ್ಲ.

ಹಂತ 3: ಚೆಕ್‌ಲಿಸ್ಟ್ ಮಾಡಿ

ಚೆಕ್‌ಲಿಸ್ಟ್ ಅಂದರೆ ಸೆಟ್ಟಿನ ಎಲ್ಲ ನಂಬರ್ ಮತ್ತು ಹೆಸರುಗಳ ಪಟ್ಟಿ. ಸ್ಟಾರ್ಟರ್ ಪ್ಯಾಕ್ ಕೊಂಡರೆ ಅದರ ಜೊತೆಗೇ ಬರುತ್ತದೆ. ಇಲ್ಲದಿದ್ದರೆ ಅಂತರ್ಜಾಲದಲ್ಲಿ ಸೆಟ್ಟಿನ ಹೆಸರು, ಸೀಸನ್ ಹಾಕಿ ಹುಡುಕಿ.

ನಂಬರ್‌ಗಳನ್ನು ಚೌಕಗಳಲ್ಲಿ ಬರೆದುಕೊಳ್ಳಿ. ಸಿಕ್ಕಿದ್ದಕ್ಕೆ ಗೀಟು ಹಾಕಿ. ಡಬಲ್, ಅಂದರೆ ಎರಡನೇ ಸಲ ಬಂದ ಕಾರ್ಡ್‌ಗಳನ್ನು, ಪಕ್ಕದ ಪುಟದಲ್ಲಿ ಬೇರೆಯಾಗಿ ಬರೆಯಿರಿ. "ಬೇಕು" ಪಟ್ಟಿ ಮತ್ತು "ಇದೆ" ಪಟ್ಟಿ ಎರಡೂ ಜೇಬಿನಲ್ಲಿ ಇರಬೇಕು. ಪಟ್ಟಿ ಇಲ್ಲದೆ ಬದಲಾಯಿಸಲು ಹೋದವರು ತಮ್ಮ ಹತ್ತಿರ ಇರುವುದನ್ನೇ ಮತ್ತೆ ತರುತ್ತಾರೆ.

ಹಂತ 4: ಪ್ಯಾಕ್ ಕೊಳ್ಳಿ, ಆದರೆ ಎಲ್ಲಿ ನಿಲ್ಲಿಸಬೇಕು ಅಂತ ತಿಳಿದು ಕೊಳ್ಳಿ

ಶಿವಮೊಗ್ಗದಲ್ಲಿ ಇದ್ದರೆ ಗಾಂಧಿ ಬಜಾರ್, ನೆಹರೂ ರಸ್ತೆ, ದುರ್ಗಿಗುಡಿ ಕಡೆಯ ಆಟಿಕೆ ಮತ್ತು ಸ್ಟೇಷನರಿ ಅಂಗಡಿಗಳಲ್ಲಿ ಮೊದಲು ವಿಚಾರಿಸಿ. ಇಲ್ಲ ಅಂದರೆ "ತರಿಸಿಕೊಡ್ತೀರಾ?" ಅಂತ ಕೇಳಿ. ನಾಲ್ಕು ಜನ ಕೇಳಿದ ಸಾಮಾನನ್ನು ಅಂಗಡಿಯವರು ತರಿಸುತ್ತಾರೆ. ಹೊಸನಗರ, ಸೊರಬ, ಶೃಂಗೇರಿ, ಕೊಪ್ಪದಂಥ ಊರುಗಳಲ್ಲಿ ಇರುವವರು ಆನ್‌ಲೈನ್‌ನಲ್ಲಿ ತರಿಸುವುದೇ ಸುಲಭ. ಜೂನ್‌ನಿಂದ ಸೆಪ್ಟೆಂಬರ್ ತನಕ ತರಿಸುವುದಾದರೆ ಪಾರ್ಸೆಲ್ ನೆನೆದು ಬರಬಹುದು ಅನ್ನುವುದು ತಲೆಯಲ್ಲಿರಲಿ. ಬಂದ ತಕ್ಷಣ ಡಬ್ಬ ಬಿಚ್ಚಿ, ಒಳಗೆ ಒದ್ದೆ ಇದ್ದರೆ ಆಗಲೇ ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ಲೆಕ್ಕಕ್ಕೆ ಬರೋಣ. ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

100 ಕಾರ್ಡ್‌ಗಳ ಒಂದು ಸೆಟ್ ಇದೆ, ಎಲ್ಲ ಕಾರ್ಡ್ ಸಮನಾಗಿ ಅಚ್ಚಾಗಿದೆ, ಯಾವುದು ಬರುತ್ತದೆ ಅನ್ನುವುದು ಅದೃಷ್ಟ ಅಂತ ಇಟ್ಟುಕೊಳ್ಳಿ. ಅರ್ಧ ಸೆಟ್, ಅಂದರೆ 50 ಬೇರೆ ಬೇರೆ ಕಾರ್ಡ್ ಸಿಗಲು ಸರಾಸರಿ 69 ಕಾರ್ಡ್ ಕೊಂಡರೆ ಸಾಕು. 90 ಸಿಗಲು ಸುಮಾರು 226 ಬೇಕು. ಪೂರ್ತಿ 100 ಸಿಗಲು? ಸುಮಾರು 519. ಕೊನೆಯ ಹತ್ತು ಕಾರ್ಡ್‌ಗೇ ಹತ್ತಿರ ಹತ್ತಿರ 293 ಕಾರ್ಡ್ ಕೊಳ್ಳಬೇಕು. ಕೊನೆಯ ಒಂದೇ ಒಂದು ಕಾರ್ಡ್‌ಗೆ ಸರಾಸರಿ 100.

ಯಾಕೆ ಹೀಗೆ? ಶುರುವಿನಲ್ಲಿ ಯಾವ ಕಾರ್ಡ್ ಬಂದರೂ ಹೊಸದೇ. 99 ಸಿಕ್ಕ ಮೇಲೆ, ನಿಮಗೆ ಬೇಕಾದದ್ದು ನೂರರಲ್ಲಿ ಒಂದು ಮಾತ್ರ. ಉಳಿದದ್ದೆಲ್ಲ ಡಬಲ್. ಕಂಪನಿಯವರು ಬೇಕಂತಲೇ ಒಂದು ಕಾರ್ಡ್ ಮುಚ್ಚಿಟ್ಟಿದ್ದಾರೆ ಅಂತ ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ. ಎಲ್ಲ ಕಾರ್ಡ್ ಸಮನಾಗಿ ಅಚ್ಚಾಗಿದ್ದರೂ ಇದೇ ಅನುಭವ ಆಗುತ್ತದೆ ಅಂತ ಅವರಿಗೆ ಈ ಲೆಕ್ಕ ತೋರಿಸಿ ಹೇಳಿ.

ಸೆಟ್ ದೊಡ್ಡದಾದಷ್ಟೂ ಇದು ಕೆಡುತ್ತಾ ಹೋಗುತ್ತದೆ. 2022ರ ಕತಾರ್ ವಿಶ್ವಕಪ್‌ಗೆ ಪಾನಿನಿ ತಂದ ಆಲ್ಬಮ್‌ನಲ್ಲಿ 670 ಸ್ಟಿಕರ್‌ಗಳಿದ್ದವು, ಪ್ಯಾಕಿಗೆ ಐದು. ಯಾರ ಜೊತೆಗೂ ಬದಲಾಯಿಸದೆ ಒಬ್ಬರೇ ಅದನ್ನು ತುಂಬಿಸಬೇಕಾದರೆ ಸರಾಸರಿ 4,700ರ ಆಸುಪಾಸು ಸ್ಟಿಕರ್ ಬೇಕು. ಅಂದರೆ 940ರಷ್ಟು ಪ್ಯಾಕ್. ಆಗ ಇದ್ದದ್ದು 32 ತಂಡ. 2026ರಿಂದ ವಿಶ್ವಕಪ್‌ನಲ್ಲಿ 48 ತಂಡಗಳು. ಆಲ್ಬಮ್ ದಪ್ಪ ಆಗದೆ ಇನ್ನೇನು?

ಹಾಗಾಗಿ ನಿಯಮ ಇಷ್ಟು: ಒಂದು ಪ್ಯಾಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡಬಲ್ ಬರುವುದು ಸತತವಾಗಿ ನಡೆಯಿತೋ, ಪ್ಯಾಕ್ ಕೊಳ್ಳುವುದನ್ನು ನಿಲ್ಲಿಸಿ. ಅಲ್ಲಿಂದ ಮುಂದೆ ದುಡ್ಡು ಸುಮ್ನೆ ಡಬಲ್‌ಗೆ ಹೋಗುತ್ತದೆ. ಮಕ್ಕಳಿಗೆ ತಿಂಗಳಿಗೆ ಇಷ್ಟೇ ಅಂತ ಒಂದು ಮೊತ್ತ ಮೊದಲೇ ಹೇಳಿಬಿಡಿ. ಪ್ಯಾಕ್ ಒಡೆಯುವುದರಲ್ಲಿ ಲಾಟರಿಯ ಥರದ ಸೆಳೆತ ಇದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೊಳ್ಳುವಾಗ ಎರಡು ಮೋಸ ಗಮನಿಸಿ. ಒಂದು, ನಕಲಿ ಕಾರ್ಡ್. ಕಾಗದ ತೆಳುವಾಗಿರುತ್ತದೆ, ಅಕ್ಷರದ ಅಂಚು ಮಸುಕಾಗಿರುತ್ತದೆ, ಹಿಂದಿನ ಸಣ್ಣ ಅಕ್ಷರ ಓದಲಾಗುವುದಿಲ್ಲ ಅಥವಾ ಇರುವುದೇ ಇಲ್ಲ. ಪ್ರತಿ ಪ್ಯಾಕಿನಲ್ಲೂ ಮೆಸ್ಸಿ, ರೊನಾಲ್ಡೊ, ಎಂಬಾಪೆಯ "ಚಿನ್ನದ" ಕಾರ್ಡ್‌ಗಳೇ ಬಂದರೆ ಅನುಮಾನವೇ ಬೇಡ. ಮಕ್ಕಳು ಆಟಕ್ಕೆ ಬಳಸಲಿ, ತೊಂದರೆ ಇಲ್ಲ. ಸೆಟ್ಟಿಗೆ ಸೇರಿಸಬೇಡಿ. ಎರಡು, ಬಿಚ್ಚಿ ಮತ್ತೆ ಅಂಟಿಸಿದ ಪ್ಯಾಕ್. ಒಳ್ಳೆಯ ಕಾರ್ಡ್ ತೆಗೆದುಕೊಂಡು ಉಳಿದದ್ದನ್ನು ಮಾರುವವರು ಇದ್ದಾರೆ. ಪ್ಯಾಕಿನ ಎರಡು ತುದಿಯ ಮಡಿಕೆ ನೇರವಾಗಿ, ಒಂದೇ ಸಮ ಇದೆಯಾ ನೋಡಿ. ಅಂಟು ಹೊರಗೆ ಬಂದಿದ್ದರೆ ಬೇಡ.

ಹಂತ 5: ಬದಲಾಯಿಸಿಕೊಳ್ಳಿ

ಅದೇ 100 ಕಾರ್ಡಿನ ಸೆಟ್. ಇಬ್ಬರು ಗೆಳೆಯರು ಒಟ್ಟಿಗೆ ಕೂಡಿಸುತ್ತಾ, ಡಬಲ್‌ಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡರೆ, ಎರಡೂ ಸೆಟ್ ಮುಗಿಯಲು ಸೇರಿ ಸುಮಾರು 730 ಕಾರ್ಡ್ ಸಾಕು. ತಲಾ 365. ಐದು ಜನರಾದರೆ ತಲಾ 250ರ ಹತ್ತಿರಕ್ಕೆ ಇಳಿಯುತ್ತದೆ. ಒಬ್ಬರೇ ಆದರೆ 519 ಬೇಕಿತ್ತು, ನೆನಪಿದೆಯಲ್ವಾ? ಐದು ಜನರ ಗುಂಪು ಮಾಡಿಕೊಂಡರೆ ಖರ್ಚು ಅರ್ಧಕ್ಕಿಂತ ಕೆಳಗೆ ಬರುತ್ತದೆ. ಯಾವ ರಿಯಾಯಿತಿಯೂ ಇಷ್ಟು ಕೊಡುವುದಿಲ್ಲ.

ಜನ ಎಲ್ಲಿ ಸಿಗುತ್ತಾರೆ? ಮೊದಲು ಶಾಲೆ, ಆಮೇಲೆ ಆಟದ ಮೈದಾನ. ಭಾನುವಾರ ಬೆಳಿಗ್ಗೆ ಫುಟ್‌ಬಾಲ್ ಆಡಲು ಬರುವ ಹುಡುಗರಲ್ಲಿ ವಿಚಾರಿಸಿ. ಭದ್ರಾವತಿಯವರಿಗೆ ಶಿವಮೊಗ್ಗ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಎರಡೂ ಊರಿನವರು ಸೇರಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡು ತಿಂಗಳಿಗೊಮ್ಮೆ ಕೂತರೆ ಸಾಕು. ಹಳ್ಳಿ ಕಡೆ ಒಂಟಿ ಮನೆಗಳಲ್ಲಿ ಇರುವವರಿಗೆ ಅಂಚೆಯೇ ಗತಿ. ಅದನ್ನೂ ಹೇಳುತ್ತೇನೆ.

ಬದಲಾಯಿಸುವ ರೀತಿ ಹೀಗಿರಲಿ. ಬೇಸ್‌ಗೆ ಬೇಸ್, ಒಂದಕ್ಕೆ ಒಂದು. ಆಟಗಾರ ಎಷ್ಟೇ ದೊಡ್ಡವನಾಗಿರಲಿ, ಬೇಸ್ ಕಾರ್ಡ್ ಬೇಸ್ ಕಾರ್ಡೇ. ಹಾಲಂಡ್‌ನ ಒಂದು ಬೇಸ್ ಕಾರ್ಡ್‌ಗೆ ಹತ್ತು ಕಾರ್ಡ್ ಕೇಳುವವರಿಗೆ ಬೇಡ ಅನ್ನಿ, ಅದು ಬೇರೆಯವರ ಹತ್ತಿರ ಸಿಕ್ಕೇ ಸಿಗುತ್ತದೆ. ಒಂದು ಫಾಯಿಲ್‌ಗೆ ಎಷ್ಟು ಬೇಸ್ ಅನ್ನುವುದನ್ನು ಗುಂಪಿನಲ್ಲಿ ಮೊದಲೇ ಮಾತಾಡಿಕೊಳ್ಳಿ. ಆಗ ಜಗಳ ಇರುವುದಿಲ್ಲ.

ಸಣ್ಣ ಮಕ್ಕಳ ವಿಷಯದಲ್ಲಿ ದೊಡ್ಡವರು ಎಚ್ಚರ ವಹಿಸಬೇಕು. ಏಳನೇ ಕ್ಲಾಸಿನ ಹುಡುಗ ಎರಡನೇ ಕ್ಲಾಸಿನವನಿಂದ ಒಳ್ಳೆಯ ಕಾರ್ಡ್ ಕಿತ್ತುಕೊಂಡು ಮೂರು ಡಬಲ್ ಕೊಟ್ಟು ಕಳಿಸುವುದು ನಡೆಯುತ್ತದೆ. "ಇವತ್ತು ಮಾತು ಆಡು, ನಾಳೆ ಬದಲಾಯಿಸು" ಅಂತ ಮಕ್ಕಳಿಗೆ ಹೇಳಿಕೊಡಿ. ಒಂದು ರಾತ್ರಿ ಯೋಚಿಸಿದರೆ ಮೋಸ ಅವರಿಗೇ ಗೊತ್ತಾಗುತ್ತದೆ. ಶಾಲೆಯಲ್ಲಿ ಕಾರ್ಡ್ ತರಬಾರದು ಅಂತ ನಿಯಮ ಇದ್ದರೆ ಅದನ್ನು ಪಾಲಿಸಿ, ಬದಲಾವಣೆ ಶಾಲೆಯ ಹೊರಗೆ ಇರಲಿ.

ಅಂಚೆಯಲ್ಲಿ ಕಳಿಸುವಾಗ: ಕಾರ್ಡ್‌ಗಳನ್ನು ಸ್ಲೀವ್‌ಗೆ ಹಾಕಿ. ಅದಕ್ಕಿಂತ ಸ್ವಲ್ಪ ದೊಡ್ಡದಾದ ಎರಡು ಗಟ್ಟಿ ರಟ್ಟಿನ ತುಂಡುಗಳ ನಡುವೆ ಇಡಿ. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಟಿಸಿ, ಆಮೇಲೆ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಕವರ್ ಇಲ್ಲದೆ ಮಳೆಗಾಲದಲ್ಲಿ ಏನನ್ನೂ ಕಳಿಸಬೇಡಿ. ಅಂಟುಪಟ್ಟಿ ಕಾರ್ಡಿಗಾಗಲಿ, ಸ್ಲೀವಿನ ಬಾಯಿಗಾಗಲಿ ತಾಗಬಾರದು. ನಾಲ್ಕೈದು ಬೇಸ್ ಕಾರ್ಡ್‌ಗೆ ಸಾಮಾನ್ಯ ಅಂಚೆ ಸಾಕು. ಬೆಲೆಬಾಳುವುದಾದರೆ ಸ್ಪೀಡ್ ಪೋಸ್ಟ್ ಮಾಡಿ, ಎಲ್ಲಿಗೆ ತಲುಪಿತು ಅಂತ ನೋಡಬಹುದು.

ಹಂತ 6: ಕೊನೆಯ ಕಾರ್ಡ್‌ಗಳನ್ನು ಬಿಡಿಯಾಗಿ ಕೊಳ್ಳಿ

ಬದಲಾಯಿಸುವುದೂ ಮುಗಿಯಿತು, ಇನ್ನೂ ಹತ್ತಿಪ್ಪತ್ತು ಕಾರ್ಡ್ ಬೇಕು. ಈಗ ನಾಚಿಕೆ ಇಲ್ಲದೆ ಬಿಡಿ ಕಾರ್ಡ್ ಕೊಳ್ಳಿ. 100ರ ಸೆಟ್ಟಿನಲ್ಲಿ ಕೊನೆಯ 20 ಕಾರ್ಡ್‌ಗೆ ಪ್ಯಾಕ್ ಕೊಳ್ಳುತ್ತಾ ಹೋದರೆ ಸರಾಸರಿ 360 ಕಾರ್ಡ್ ಬೇಕು. ಬಿಡಿಯಾಗಿ ಕೊಂಡರೆ 20 ಮಾತ್ರ. ಒಂದೊಂದಕ್ಕೆ ಪ್ಯಾಕಿನ ಬೆಲೆಗಿಂತ ಸ್ವಲ್ಪ ಹೆಚ್ಚು ಕೊಟ್ಟರೂ ಲಾಭವೇ. ಯುರೋಪಿನ ಹಲವು ದೇಶಗಳಲ್ಲಿ ಪಾನಿನಿ ಕಂಪನಿಯೇ ಕೊರತೆ ಬಿದ್ದ ಸ್ಟಿಕರ್‌ಗಳನ್ನು ನೇರವಾಗಿ ಮಾರುತ್ತದೆ. ಬಿಡಿ ಕೊಂಡರೆ ಸೆಟ್ಟಿನ ಮರ್ಯಾದೆ ಹೋಗುತ್ತದೆ ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಆನ್‌ಲೈನ್‌ನಲ್ಲಿ ಅಪರಿಚಿತರಿಂದ ಕೊಳ್ಳುವಾಗ, ಕಾರ್ಡಿನ ಮುಂದೆ ಹಿಂದೆ ಎರಡೂ ಕಡೆಯ ಫೋಟೊ ಕೇಳಿ. ಪಕ್ಕದಲ್ಲಿ ಇವತ್ತಿನ ತಾರೀಕು ಬರೆದ ಚೀಟಿ ಇಟ್ಟು ತೆಗೆದಿರಬೇಕು. ನೀವು ಮಾರುವವರಾದರೆ ಒಂದು ವಿಷಯ ಚೆನ್ನಾಗಿ ನೆನಪಿಡಿ: ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಹಾಕಬೇಕಾಗಿಲ್ಲ. ಪಿನ್ ಹಾಕಿ ಅಂತ ಯಾರಾದರೂ ಹೇಳಿದರೆ, ನಿಮ್ಮ ಖಾತೆಯಿಂದ ದುಡ್ಡು ಎಳೆಯುತ್ತಿದ್ದಾರೆ ಅಂತಲೇ ಅರ್ಥ. ಕಾರ್ಡ್ ಮಾರುವ ಹದಿವಯಸ್ಸಿನ ಮಕ್ಕಳಿಗೆ ಇದನ್ನು ಕೂರಿಸಿಕೊಂಡು ಹೇಳಿ.

ಹಂತ 7: ಜೋಡಿಸಿಡಿ

ಕಾರ್ಡಿನ ಸಾಮಾನ್ಯ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಒಂಬತ್ತು ಕಿಸೆಯ ಹಾಳೆಗಳು ಈ ಅಳತೆಗೇ ಇರುತ್ತವೆ. ಪಾಲಿಪ್ರೊಪಿಲೀನ್ ಹಾಳೆ ಕೇಳಿ ಕೊಳ್ಳಿ. ಮೆತ್ತಗಿನ ಪಿವಿಸಿ ಹಾಳೆ ಬೇಡ. ಹೊಸದಾಗಿ ಬಿಚ್ಚಿದಾಗ ಗಾಢವಾದ ಪ್ಲಾಸ್ಟಿಕ್ ವಾಸನೆ ಬಂದರೆ ಅದು ಹೆಚ್ಚಾಗಿ ಪಿವಿಸಿಯೇ. ವರ್ಷಗಳು ಕಳೆದಂತೆ ಅದರಿಂದ ಎಣ್ಣೆಯಂಥ ಅಂಶ ಹೊರಬಂದು ಕಾರ್ಡಿಗೆ ಅಂಟುತ್ತದೆ. ಹಾಳೆಗೆ ಅಂಟು ಇರುವ ಹಳೆಯ ಫೋಟೊ ಆಲ್ಬಮ್‌ಗಳನ್ನಂತೂ ಬಳಸಲೇಬೇಡಿ.

ಕಾರ್ಡ್‌ಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ. ಅಂಚಿನಲ್ಲಿ ಗುಳಿ ಬೀಳುತ್ತದೆ, ಸೆಕೆಗೆ ರಬ್ಬರ್ ಕರಗಿ ಕಾರ್ಡಿಗೆ ಮೆತ್ತಿಕೊಳ್ಳುತ್ತದೆ. ಬೈಂಡರ್ ಅನ್ನು ಮಲಗಿಸಿ ಒಂದರ ಮೇಲೊಂದು ಪೇರಿಸುವ ಬದಲು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ.

ಹಂತ 8: ಮಳೆಗಾಲಕ್ಕೆ ಸಿದ್ಧ ಮಾಡಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ ನಿಜ. ಆದರೂ ಜೂನ್‌ನಿಂದ ಮೂರು ನಾಲ್ಕು ತಿಂಗಳು ಗೋಡೆ ಶೀತ ಹಿಡಿದಿರುತ್ತದೆ, ಬಟ್ಟೆ ಒಣಗುವುದಿಲ್ಲ, ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಕಾಗದದ ಕಾರ್ಡ್‌ಗೆ ಬಿಡುತ್ತದೆಯೇ?

ಫಾಯಿಲ್ ಕಾರ್ಡ್ ಬಾಗುವುದು ಯಾಕೆ ಅಂತ ತಿಳಿದುಕೊಳ್ಳಿ. ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ. ಮೇಲಿನ ಹೊಳೆಯುವ ಪದರ ಹಿಗ್ಗುವುದಿಲ್ಲ. ಹಿಂಭಾಗ ಉದ್ದವಾಯಿತು, ಮುಂಭಾಗ ಹಾಗೇ ಉಳಿಯಿತು. ಆಗ ಕಾರ್ಡ್ ಹೊಳೆಯುವ ಕಡೆಗೆ ಮಡಚಿಕೊಳ್ಳುತ್ತದೆ, ಒಲೆಯ ಮೇಲಿನ ಹಪ್ಪಳದ ಹಾಗೆ. ಕಾರ್ಡ್ ಕೆಟ್ಟಿಲ್ಲ, ನೀರು ಕುಡಿದಿದೆ ಅಷ್ಟೆ. ನೀರು ನಿಧಾನಕ್ಕೆ ಹೊರಗೆ ಬಂದರೆ ಮತ್ತೆ ಹೆಚ್ಚುಕಮ್ಮಿ ನೇರವಾಗುತ್ತದೆ.

ಕೆಲಸ ಶುರುವಾಗಬೇಕಾದದ್ದು ಮೃಗಶಿರಾ ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ಕೊನೆಯ ಒಣ ಬಿಸಿಲಿನ ದಿನಗಳಲ್ಲಿ. ಒಳಗೆ ತೇವ ಇರುವ ಕಾರ್ಡನ್ನು ಡಬ್ಬದಲ್ಲಿ ಮುಚ್ಚಿದರೆ ತೇವವನ್ನೂ ಜೊತೆಗೆ ಮುಚ್ಚಿದ ಹಾಗೆ. ಬೈಂಡರ್‌ಗಳನ್ನು ಹೊರಗೆ ತೆಗೆದು ಎರಡು ದಿನ ಫ್ಯಾನ್ ಇರುವ ಕೋಣೆಯಲ್ಲಿ ಪುಟ ಬಿಡಿಸಿ ಇಡಿ. ಬಿಸಿಲಿಗೆ ಇಡಬೇಡಿ, ಬಣ್ಣ ಹಾರುತ್ತದೆ. ಆಮೇಲೆ ರಬ್ಬರ್ ಅಂಚಿನ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಸಿಲಿಕಾ ಜೆಲ್ ಚೀಲಗಳನ್ನು ಮೂಲೆಗಳಲ್ಲಿ ಇಡಿ.

ಸಿಲಿಕಾ ಜೆಲ್‌ನಲ್ಲಿ ಬಣ್ಣ ಬದಲಾಗುವಂಥದ್ದನ್ನೇ ಕೊಳ್ಳಿ. ಕಿತ್ತಳೆ ಬಣ್ಣದ್ದು ತೇವ ತುಂಬಿದಾಗ ಹಸಿರಾಗುತ್ತದೆ. ನೀಲಿ ಬಣ್ಣದ್ದು ಗುಲಾಬಿ ಆಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಇರುವುದರಿಂದ ಮಕ್ಕಳಿರುವ ಮನೆಗೆ ಕಿತ್ತಳೆಯದೇ ಒಳ್ಳೆಯದು. ಬಣ್ಣ ಬದಲಾದ ಮೇಲೆ ಎಸೆಯಬೇಡಿ. ಚೀಲದಿಂದ ತೆಗೆದು 110ರಿಂದ 120 ಡಿಗ್ರಿಯಲ್ಲಿ ಅವನ್‌ನಲ್ಲಿ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆಗೆ ಬಳಸುವ ಪಾತ್ರೆ ಬೇಡ. ಸಣ್ಣದೊಂದು ಹೈಗ್ರೋಮೀಟರ್, ಅಂದರೆ ಗಾಳಿಯ ತೇವ ಅಳೆಯುವ ಗಡಿಯಾರದಂಥ ಸಾಧನ, ಡಬ್ಬದೊಳಗೆ ಇಟ್ಟರೆ ಇನ್ನೂ ಒಳ್ಳೆಯದು. ತೇವ ಶೇಕಡಾ 40ರಿಂದ 55ರ ನಡುವೆ ಇದ್ದರೆ ನೆಮ್ಮದಿ. 65 ದಾಟಿದರೆ ಜೆಲ್ ಬದಲಾಯಿಸಿ.

ಡಬ್ಬವನ್ನು ಎಲ್ಲಿಡಬೇಕು ಅನ್ನುವುದೂ ಮುಖ್ಯ. ಹೊರಗೋಡೆಗೆ ತಾಗಿಸಿ ಇಡಬೇಡಿ. ನೆಲದ ಮೇಲೆ ಬೇಡ, ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ಒರಲೆ ಬರುತ್ತದೆ. ಬಚ್ಚಲ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡುವವರು ಇದ್ದಾರೆ. ಆ ಹೊಗೆಗೆ ಕಾರ್ಡ್ ಹಳದಿ ಆಗುತ್ತದೆ, ವಾಸನೆ ಹೋಗುವುದೇ ಇಲ್ಲ. ಮನೆಯ ಒಳಗೋಡೆಯ ಕಡೆ, ಎದೆಯ ಎತ್ತರದ ಕಪಾಟು ಸರಿಯಾದ ಜಾಗ.

ಅಕ್ಕಿಯಲ್ಲಿ ಹುಗಿದಿಡಿ ಅನ್ನುವ ಸಲಹೆ ಬಹಳ ಕಡೆ ಓಡಾಡುತ್ತಿದೆ. ಬೇಡ. ಅಕ್ಕಿಯ ಧೂಳು ಕಾರ್ಡಿಗೆ ಅಂಟುತ್ತದೆ, ಹುಳ ಬರುತ್ತದೆ. ನುಸಿಗುಳಿಗೆಯನ್ನೂ ಅದೇ ಡಬ್ಬದಲ್ಲಿ ಇಡಬೇಡಿ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ.

ಈಗಾಗಲೇ ಬಾಗಿರುವ ಕಾರ್ಡ್‌ಗಳಿಗೆ: ಸ್ಲೀವ್‌ಗೆ ಹಾಕದೆ, ಹೊಸ ಜೆಲ್ ಇರುವ ಮುಚ್ಚಿದ ಡಬ್ಬದಲ್ಲಿ ಎರಡು ಮೂರು ದಿನ ಇಡಿ. ದಿನಕ್ಕೊಮ್ಮೆ ನೋಡಿ. ನೇರವಾದ ಕೂಡಲೇ ತೆಗೆದು, ಸ್ಲೀವ್‌ಗೆ ಹಾಕಿ, ದಪ್ಪ ಪುಸ್ತಕಗಳ ಕೆಳಗೆ ಇನ್ನೆರಡು ದಿನ ಇಡಿ. ಅವಸರಕ್ಕೆ ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ ಬಳಸಿದರೆ ಫಾಯಿಲ್ ಗುಳ್ಳೆ ಏಳುತ್ತದೆ. ಅದಕ್ಕೆ ಮದ್ದಿಲ್ಲ.

ಬೂಷ್ಟು ಬಂದಿದ್ದರೆ ಆ ಕಾರ್ಡ್‌ಗಳನ್ನು ಉಳಿದವುಗಳಿಂದ ತಕ್ಷಣ ಬೇರೆ ಮಾಡಿ. ಒಣಗಲು ಬಿಟ್ಟು, ಆಮೇಲೆ ಮನೆಯ ಹೊರಗೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೃದುವಾದ ಒಣ ಬ್ರಷ್‌ನಿಂದ ಒರೆಸಿ. ಒದ್ದೆ ಬಟ್ಟೆ ಬೇಡ. ಕಾಗದದ ಒಳಗೆ ಇಳಿದಿರುವ ಕಲೆ ಹೋಗುವುದಿಲ್ಲ, ಬೇರೆ ಕಾರ್ಡ್ ಹುಡುಕುವುದೇ ಸರಿ. ಅದು ಇದ್ದ ಪ್ಲಾಸ್ಟಿಕ್ ಹಾಳೆಯನ್ನೂ ಎಸೆಯಿರಿ.

ಮಳೆಗಾಲದಲ್ಲಿ ಕಾರ್ಡ್ ನೋಡಲೇಬಾರದಾ? ನೋಡಿ. ಮಳೆ ಬಿಟ್ಟ ಒಣ ದಿನ, ಒಣ ಕೈಯಲ್ಲಿ ತೆಗೆಯಿರಿ, ನೋಡಿ ಮುಚ್ಚಿಡಿ. ಡಬಲ್‌ಗಳು ಹೊರಗೇ ಇರಲಿ. ಮ್ಯಾಚ್ ಅಟ್ಯಾಕ್ಸ್‌ನಂಥ ಕಾರ್ಡ್‌ಗಳ ಮೇಲೆ ಆಟಗಾರನ ದಾಳಿ ಮತ್ತು ರಕ್ಷಣೆಯ ಅಂಕ ಇರುವುದು ಆಡುವುದಕ್ಕೇ. ಜಡಿಮಳೆ ಹಿಡಿದ ಸಂಜೆ ಕರೆಂಟು ಹೋದಾಗ ಮಕ್ಕಳು ಅದರಲ್ಲಿ ಆಡಲಿ.

ಹಂತ 9: ಬೆಲೆಯ ಬಗ್ಗೆ ಸರಿಯಾದ ನಿರೀಕ್ಷೆ ಇರಲಿ

"ಇಪ್ಪತ್ತು ವರ್ಷ ಇಟ್ಟರೆ ಲಕ್ಷ ಬರುತ್ತಾ?" ಬರುವುದಿಲ್ಲ ಅಂದುಕೊಂಡೇ ಕೂಡಿಸಿ. 1952ರ ಟಾಪ್ಸ್ ಬೇಸ್‌ಬಾಲ್ ಸೆಟ್ಟಿನ ಮಿಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಈ ಸುದ್ದಿ ಓದಿದವರು ಮನೆಯ ಕಾರ್ಡ್ ಡಬ್ಬ ಹುಡುಕುತ್ತಾರೆ. ಆ ಕಾಲದಲ್ಲಿ ಅವನ್ನು ಯಾರೂ ಜೋಪಾನ ಮಾಡಲಿಲ್ಲ. ಮಕ್ಕಳು ಆಡಿ ಹರಿದರು, ಅಮ್ಮಂದಿರು ಗುಡಿಸಿ ಎಸೆದರು. ಚೆನ್ನಾಗಿ ಉಳಿದದ್ದು ಬಹಳ ಕಡಿಮೆ, ಅದಕ್ಕೇ ಆ ಬೆಲೆ. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಎಲ್ಲರೂ ಲಾಭದ ಆಸೆಗೆ ಕಾರ್ಡ್ ಕೊಂಡು ಜೋಪಾನ ಮಾಡಿದರು, ಕಂಪನಿಗಳೂ ಬೇಕಾಬಿಟ್ಟಿ ಅಚ್ಚು ಹಾಕಿದವು. 1990ರ ದಶಕದ ಮೊದಲ ವರ್ಷಗಳ ತನಕ ಬಂದ ಆ ಕಾರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಇವತ್ತಿಗೂ ಬೆಲೆ ಇಲ್ಲ.

ಸಾಮಾನ್ಯ ಸೆಟ್ಟಿನಿಂದ ದೊಡ್ಡ ಕಾರ್ಡ್ ಬರುವುದೇ ಇಲ್ಲ ಅಂತಲ್ಲ. ಮೆಸ್ಸಿಯ ಹೆಸರಾಂತ ರೂಕಿ ಕಾರ್ಡ್ 2004-05ರಲ್ಲಿ ಪಾನಿನಿ ಸ್ಪೇನಿನಲ್ಲಿ ತಂದ ಮೆಗಾಕ್ರಾಕ್ಸ್ ಸೆಟ್ಟಿನದು, ಅದೂ ಪ್ಯಾಕಿನಲ್ಲಿ ಮಾರಿದ್ದೇ. ಹಾಗಾಗಿ ಹೊಸ ಹುಡುಗರ ಮೊದಲ ವರ್ಷದ ಕಾರ್ಡ್ ಬಂದರೆ ಅದನ್ನು ಮಾತ್ರ ಸ್ಲೀವ್‌ಗೆ ಹಾಕಿ, ಮೇಲೆ ಟಾಪ್‌ಲೋಡರ್, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಹಾಕಿಡಿ.

ಗ್ರೇಡಿಂಗ್ ಅಂದರೆ ಕಾರ್ಡಿನ ಸ್ಥಿತಿ ಪರೀಕ್ಷಿಸಿ ಹತ್ತಕ್ಕೆ ಅಂಕ ಕೊಟ್ಟು ಮುಚ್ಚಿಕೊಡುವುದು. ಅಮೆರಿಕದ ಪಿಎಸ್‌ಎ ಎಂಬ ಕಂಪನಿ 1991ರಿಂದ ಇದನ್ನು ಮಾಡುತ್ತಿದೆ. ಬೇಸ್ ಕಾರ್ಡಿಗೆ ಇದರ ಖರ್ಚು ಕಾರ್ಡಿನ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಬೇಡ.

ಹಂತ 10: ಸೆಟ್ ಮುಗಿದ ಮೇಲೆ

ಚೆಕ್‌ಲಿಸ್ಟ್ ಅನ್ನು ಬೈಂಡರಿನ ಮೊದಲ ಕಿಸೆಯಲ್ಲಿ ಇಡಿ. ಸೆಟ್ಟಿನ ಹೆಸರು, ಸೀಸನ್, ಬೇಸ್ ಮಾತ್ರವೋ ಇನ್ಸರ್ಟ್ ಸೇರಿದೆಯೋ, ಎಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಪ್ರತಿ ಪುಟದ ಫೋಟೊ ತೆಗೆದಿಡಿ.

ಉಳಿದ ಡಬಲ್‌ಗಳನ್ನು ಸೀಸನ್ ಮುಗಿಯುವ ಮೊದಲೇ ದಾಟಿಸಿ, ಆಮೇಲೆ ಕೇಳುವವರು ಸಿಗುವುದಿಲ್ಲ. ಐವತ್ತು ನೂರರ ಕಟ್ಟು ಮಾಡಿ, ಹೊಸದಾಗಿ ಶುರು ಮಾಡುವ ಮಕ್ಕಳಿಗೆ ಕಡಿಮೆ ಬೆಲೆಗೆ ಕೊಡಿ, ಇಲ್ಲವೇ ಹಾಗೇ ಕೊಡಿ. ಅವರಿಗೆ ಅದರಲ್ಲಿ ಹೆಚ್ಚಿನದೆಲ್ಲ ಹೊಸದೇ. ಮುಂದಿನ ಸೀಸನ್ನಿನಲ್ಲಿ ನಿಮ್ಮ ಜೊತೆ ಬದಲಾಯಿಸಿಕೊಳ್ಳಲು ಕೂರುವವರೂ ಅವರೇ.